ಕಡಿದ ಕಂಟಿ ಸುಡಬೇಕಿಲ್ಲ: ಚೈನ್ ಮೇಲೆ ಓಡೋ ಸಣ್ಣ ಚಿಪ್ಪರ್ ಯಾರಿಗೆ ಬೇಕು, ಯಾರಿಗೆ ಬ್ಯಾಡ

ಗಿಡ ಕಡಿಯೋದು ಅರ್ಧ ದಿನದ ಕೆಲಸ. ಬಿದ್ದ ಟೊಂಗೆ, ಕಂಟಿ ಸಾಗಿಸೋದು ಎರಡು ದಿನದ ಕೆಲಸ. ನವಲಗುಂದ, ಅಣ್ಣಿಗೇರಿ ಕಡೆ ಬದುವಿನ ಬಳ್ಳಾರಿ ಜಾಲಿ ತೆಗೆಸಿದವರಿಗೆ, ಕಲಘಟಗಿಯಲ್ಲಿ ಮಾವಿನ ತೋಟ ಸವರಿಸಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ದಪ್ಪ ಕಟಿಗೆಗೆ ಗಿರಾಕಿ ಸಿಗುತ್ತಾರೆ, ಇಲ್ಲದಿದ್ದರೆ ಮನೆ ಒಲೆಗಾದರೂ ಆಗುತ್ತದೆ. ಸಣ್ಣ ಟೊಂಗೆ, ಮುಳ್ಳುಕಂಟಿ ಮಾತ್ರ ಯಾರಿಗೂ ಬೇಡ. ಬದುವಿನ ಮೇಲೆ ಒಟ್ಟಿ, ಒಣಗಿದ ಮೇಲೆ ಕಡ್ಡಿ ಗೀರೋದು ರೂಢಿ. ಬೇಸಿಗೆ ಗಾಳಿಗೆ ಆ ಬೆಂಕಿ ಎಲ್ಲಿಗೆ ಹೋಗುತ್ತದೆ ಅನ್ನೋದು ಹಚ್ಚಿದವರ ಕೈಯಲ್ಲಿ ಇರೋದಿಲ್ಲ. ಪಕ್ಕದ ಹೊಲದ ಬಣವಿ, ಡ್ರಿಪ್ ಪೈಪು, ಬೇವಿನ ಗಿಡ ಎಲ್ಲವೂ ಅದರ ದಾರಿಯಲ್ಲೇ ಇರುತ್ತವೆ.

ಈ ಕಂಟಿಗೆ ಉತ್ತರವಾಗಿ ಕೆಲವರು ಯೂಟ್ಯೂಬ್‌ನಲ್ಲಿ ನೋಡಿ ಕೇಳುತ್ತಿರುವ ಮಷಿನ್ ಒಂದಿದೆ. ರಬ್ಬರ್ ಚೈನ್ ಮೇಲೆ ತಾನೇ ಗಿಡದ ಬುಡದವರೆಗೆ ಹೋಗಿ, ಟೊಂಗೆ ನುಂಗಿ, ಚಿಪ್ಸ್ ಮಾಡಿ ಉಗುಳುವ ಸಣ್ಣ ಚಿಪ್ಪರ್. ಬ್ರಿಟನ್‌ನ ಟಿಂಬರ್‌ವುಲ್ಫ್, ಗ್ರೀನ್‌ಮೆಕ್, ಫೋರ್ಸ್ಟ್ ಮುಂತಾದ ಕಂಪನಿಗಳು ಇದನ್ನು ವರ್ಷಗಳಿಂದ ಮಾಡುತ್ತಿವೆ. ನಮ್ಮ ಭಾಗದಲ್ಲಿ ಇದು ಇನ್ನೂ ಅಪರೂಪ. ಇಲ್ಲಿ ಹೆಚ್ಚು ಕಾಣೋದು ಟ್ರ್ಯಾಕ್ಟರ್ ಪಿಟಿಒಗೆ ಜೋಡಿಸೋ ಚಿಪ್ಪರ್, ಶ್ರೆಡರ್‌ಗಳು. ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಬಾಡಿಗೆಗೆ ಕರೆಸಿದರೆ ದುಡ್ಡು ಹೋಗುತ್ತದೆ. ಹೆಂಗ ನಡೆಸಬೇಕು ಅನ್ನೋದು ತಿಳಿಯದೆ ಕೈ ಹಾಕಿದರೆ ಕೈಯೇ ಹೋಗುತ್ತದೆ.

ಮಷಿನ್ ಒಳಗೆ ಏನೈತಿ

ಸಣ್ಣ ಚೈನ್ ಚಿಪ್ಪರ್ ಅಂದರೆ ಸಾಮಾನ್ಯವಾಗಿ 6 ಇಂಚು ದಪ್ಪದವರೆಗಿನ ಟೊಂಗೆ ತೆಗೆದುಕೊಳ್ಳುವ, 25ರಿಂದ 40 ಎಚ್‌ಪಿ ಡೀಸೆಲ್ ಎಂಜಿನ್ ಇರುವ, ಒಂದು ಟನ್ ಆಚೀಚೆ ತೂಗುವ ಯಂತ್ರ. ಸೀಟು ಇರೋದಿಲ್ಲ. ನಡೆಸುವವರು ಪಕ್ಕದಲ್ಲಿ ನಡೆದುಕೊಂಡೇ ಲಿವರ್ ಹಿಡಿದು ಓಡಿಸುತ್ತಾರೆ, ಕೆಲವಕ್ಕೆ ರಿಮೋಟ್ ಇರುತ್ತದೆ. ವೇಗ ಎತ್ತಿನ ನಡಿಗೆಗಿಂತ ಹೆಚ್ಚಿಲ್ಲ. ಊರಿಂದ ಊರಿಗೆ ಪಿಕಪ್ ಇಲ್ಲವೇ ಟ್ರೇಲರ್ ಮೇಲೆ ಹೇರಿಕೊಂಡೇ ಹೋಗಬೇಕು. ಡಾಂಬರ್ ರಸ್ತೆಯಲ್ಲಿ ಉದ್ದಕ್ಕೆ ಓಡಿಸಿದರೆ ರಬ್ಬರ್ ಚೈನ್ ಸವೆಯುತ್ತದೆ.

ಮುಂದೆ ಅಗಲವಾದ ಬಾಯಿ. ಒಳಗೆ ಹಲ್ಲಿರುವ ರೋಲರ್‌ಗಳು. ಟೊಂಗೆಯ ತುದಿ ರೋಲರ್‌ಗೆ ಸಿಕ್ಕಿತೋ, ಅದು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅದರ ಹಿಂದೆ ಭಾರವಾದ ಗಾಲಿ, ಗಾಲಿಗೆ ಬ್ಲೇಡು, ಎದುರಿಗೆ ಕದಲದ ಇನ್ನೊಂದು ಅಲಗು. ಇವೆರಡರ ನಡುವೆ ಕಟಿಗೆ ತುಂಡಾಗಿ, ಗಾಲಿಯ ಗಾಳಿಗೆ ಮೇಲಿನ ಕೊಳವೆಯಿಂದ ಹೊರಗೆ ಹಾರುತ್ತದೆ. ದಪ್ಪ ಟೊಂಗೆ ಸಿಕ್ಕಿ ಎಂಜಿನ್ ಉಸಿರು ಕಟ್ಟಿದಂತಾದರೆ ರೋಲರ್ ತಾನೇ ನಿಂತು, ವೇಗ ಬಂದ ಮೇಲೆ ಮತ್ತೆ ತಿರುಗುವ ವ್ಯವಸ್ಥೆ ಒಳ್ಳೆಯ ಮಷಿನ್‌ಗಳಲ್ಲಿ ಇರುತ್ತದೆ. ರೋಲರ್ ನಿಂತಿದೆ ಅಂದರೆ ಮಷಿನ್ ನಿಂತಿದೆ ಅಂತಲ್ಲ. ಇದನ್ನು ಮುಂದೆ ಇನ್ನೊಮ್ಮೆ ಹೇಳಬೇಕಾಗುತ್ತದೆ.

ಮೇವು ಕತ್ತರಿಸೋ ಮಷಿನ್ ಕಂಡವರಿಗೆ ಇದೆಲ್ಲ ಅರ್ಥವಾಗುತ್ತದೆ. ಕಣಿಕಿ ಬದಲು ಕಟಿಗೆ, ಮೋಟರ್ ಬದಲು ಡೀಸೆಲ್ ಎಂಜಿನ್, ಅಷ್ಟೇ. ಬಲ ಮಾತ್ರ ಹತ್ತಾರು ಪಟ್ಟು.

6 ಇಂಚು ಅಂದರೆ ನೇರ ಟೊಂಗೆಯ ಲೆಕ್ಕ. ಮಾವಿನ ಕವಲು, ಜಾಲಿಯ ಡೊಂಕು ಬುಡ 4 ಇಂಚು ಇದ್ದರೂ ಬಾಯಿಗೆ ಅಡ್ಡ ಸಿಗುತ್ತದೆ. ಕವಲನ್ನು ಕೊಯ್ದು ನೇರ ಮಾಡಿ ಕೊಟ್ಟರೆ ಅರ್ಧ ಜಗಳ ಮುಗಿಯಿತು. ಹಸಿ ಟೊಂಗೆ ಸಲೀಸಾಗಿ ಹೋಗುತ್ತದೆ, ಒಣಗಿದ್ದು ಬ್ಲೇಡಿನ ಧಾರೆ ಬೇಗ ತಿನ್ನುತ್ತದೆ. ಹಾಗಾಗಿ ಕಡಿದು, ಒಂದು ತಿಂಗಳು ಬಿಟ್ಟು ಮಷಿನ್ ಕರೆಸೋದು ತಪ್ಪು ಲೆಕ್ಕ. ಕಡಿದ ವಾರದಲ್ಲೇ ಮುಗಿಸಬೇಕು.

ಎರೆ ಹೊಲಕ್ಕೆ ಚೈನ್ ಯಾಕ

ನೆಲದ ಮೇಲೆ ಭಾರ ಹರಡೋದೇ ಚೈನ್‌ನ ಲಾಭ. 1,000 ಕೆಜಿ ಮಷಿನ್, ಎರಡು ಚೈನ್, ಒಂದೊಂದು 20 ಸೆಂ.ಮೀ. ಅಗಲ, ನೆಲಕ್ಕೆ ತಾಗುವ ಉದ್ದ 1 ಮೀಟರ್ ಅಂತ ಹಿಡಿಯಿರಿ. ಒಟ್ಟು 4,000 ಚದರ ಸೆಂ.ಮೀ. ಜಾಗದ ಮೇಲೆ ಭಾರ ಹರಡಿದರೆ ಒಂದು ಚದರ ಸೆಂ.ಮೀ.ಗೆ 250 ಗ್ರಾಂ. ನಡೆಯುವ ಮನುಷ್ಯ ಒಂದು ಕಾಲೂರಿದಾಗ ಬೀಳೋ ಭಾರವೂ ಹೆಚ್ಚುಕಡಿಮೆ ಇಷ್ಟೇ. ಕಂಟಿ ತುಂಬಿದ ಟ್ರ್ಯಾಕ್ಟರ್ ಟ್ರಾಲಿಯ ಗಾಲಿ ಇದರ ಹಲವು ಪಟ್ಟು ಒತ್ತುತ್ತದೆ. ಎರೆ ಭೂಮಿಯಲ್ಲಿ ಒಮ್ಮೆ ಒತ್ತಿ ಗಟ್ಟಿಯಾದ ಗಾಲಿ ಜಾಡು ಮುಂದಿನ ಹಂಗಾಮಿನಲ್ಲೂ ಬೆಳೆಯಲ್ಲಿ ಗೆರೆಯಾಗಿ ಕಾಣುತ್ತದೆ.

ಆದರೆ ಇಲ್ಲೇ ಒಂದು ಮಾತು. ವಿಡಿಯೋಗಳಲ್ಲಿ ಕೆಸರಿನಲ್ಲೂ ಸರಾಗವಾಗಿ ಹೋಗುವ ಚೈನ್ ಮಷಿನ್ ನೋಡಿ, ನಮ್ಮ ಎರಿಯೊಳಗೂ ಹಂಗ ಹೋಗ್ತೈತಿ ಅಂತ ತಿಳಿಯಬ್ಯಾಡ್ರಿ. ಹಸಿ ಎರೆ ಮಣ್ಣು ಚಪ್ಪಲಿಗೆ ಹತ್ತಿದರೆ ಹೆಂಗ ಕಾಲೇ ಎತ್ತಾಕ ಆಗೋದಿಲ್ಲವೋ, ಚೈನ್‌ಗೂ ಅದೇ ಗತಿ. ಮಣ್ಣು ಹಲ್ಲುಗಾಲಿಯ ಸಂದಿಯಲ್ಲಿ ತುಂಬಿ, ಗಟ್ಟಿಯಾಗಿ, ಚೈನ್ ಬಿಗಿದು, ತಿರುಗಿಸುವಾಗ ಕಳಚಿ ಬೀಳುತ್ತದೆ. ಒಂದು ಟನ್ ಮಷಿನ್ ಎತ್ತಿ ಚೈನ್ ಏರಿಸೋದು ಕೆಸರಿನ ಹೊಲದಲ್ಲಿ ಅರ್ಧ ದಿನದ ಶಿಕ್ಷೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಿಗೆ ಈ ಮಷಿನ್ ಹಿಂಗಾರಿ ರಾಶಿ ಮುಗಿದ ಮೇಲೆ, ಮುಂಗಾರಿ ಮಳೆ ಬೀಳೋ ಮುಂಚೆ, ಅಂದರೆ ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗೆ ಮಾತ್ರ ಸರಿ. ಬೇಸಿಗೆಯಲ್ಲಿ ಬಿಡೋ ಬಿರುಕುಗಳು ಚೈನ್‌ಗೆ ತೊಂದರೆಯೇ ಅಲ್ಲ. ಗಾಲಿ ಮಷಿನ್‌ಗಿಂತ ಇದು ಬಿರುಕಿನ ಮೇಲೆ ಚೆನ್ನಾಗಿ ಹೋಗುತ್ತದೆ.

ಕಲಘಟಗಿ ಬೇರೆ. ಮಣ್ಣು ಕೆಂಪು, ಮಳೆ ಹೆಚ್ಚು, ಜಾಗ ಇಳಿಜಾರು. ಮಳೆ ನಿಂತ ಒಂದೆರಡು ದಿನಕ್ಕೆ ಮಷಿನ್ ಒಳಗೆ ಹೋಗಬಹುದು. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸದೆ, ಏರಿನ ದಿಕ್ಕಿಗೆ ನೇರ ಹತ್ತಿ ನೇರ ಇಳಿಸಬೇಕು. ಎತ್ತರದ, ಕಿರಿದಾದ ಮಷಿನ್ ಇದು, ಅಡ್ಡ ವಾಲಿದರೆ ಉರುಳುತ್ತದೆ. ಚೈನ್ ಅಗಲ ಮಾಡಿಕೊಳ್ಳೋ ಸೌಲಭ್ಯ ಇದ್ದರೆ ಇಳಿಜಾರಿನಲ್ಲಿ ಅಗಲ ಮಾಡಿಕೊಂಡೇ ನಡೆಸಬೇಕು, ಕಿರಿದು ಮಾಡೋದು ಗೇಟು, ಓಣಿ ದಾಟೋಕೆ ಮಾತ್ರ. ಇನ್ನು ಉರುಳೋ ಅಪಾಯ ಹೆಚ್ಚಿರುವ ಜಾಗ ಹೊಲವಲ್ಲ, ಪಿಕಪ್‌ಗೆ ಏರಿಸೋ ಹಲಗೆ. ಹಲಗೆ ಒದ್ದೆ ಇರಬಾರದು, ಮಷಿನ್ ಕೆಳಗೆ ಇಳಿಜಾರಿನ ಕಡೆ ಯಾರೂ ನಿಲ್ಲಬಾರದು.

ಯಾರಿಗೆ ಬೇಕು

ನೇರವಾಗಿ ಹೇಳಬೇಕಂದರೆ, ಟ್ರ್ಯಾಕ್ಟರ್ ಹೋಗೋ ಕಡೆಗೆ ಚೈನ್ ಚಿಪ್ಪರ್ ಬೇಕಿಲ್ಲ. ಹೊಲದ ದಾರಿ ಪಕ್ಕದ ಬದು, ಗೋಮಾಳದ ಅಂಚು, ಬಯಲಿನ ನೀಲಗಿರಿ ಪ್ಲಾಟು ಇಂಥ ಕಡೆ ಟ್ರ್ಯಾಕ್ಟರ್‌ಗೆ ಜೋಡಿಸೋ ಚಿಪ್ಪರ್ ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮಾಡುತ್ತದೆ. ಮಷಿನ್ ಟೊಂಗೆಯ ಹತ್ತಿರ ಹೋಗುತ್ತದೆ, ನಾವು ಟೊಂಗೆ ಎಳೆದುಕೊಂಡು ಬರೋ ಕೆಲಸ ತಪ್ಪುತ್ತದೆ ಅನ್ನೋದೊಂದೇ ಚೈನ್‌ಗೆ ಕೊಡೋ ಹೆಚ್ಚಿನ ದುಡ್ಡಿನ ಅರ್ಥ. ಆ ಎಳೆಯೋ ಕೆಲಸ ಎಲ್ಲಿ ನಿಜವಾಗಿ ಕಷ್ಟವೋ ಅಲ್ಲಿಗೆ ಮಾತ್ರ ಕರೆಸಬೇಕು.

ಅಂಥ ಜಾಗ ನಮ್ಮಲ್ಲಿ ಇಲ್ಲದಿಲ್ಲ. ಬೆಣ್ಣೆಹಳ್ಳ, ತುಪ್ಪರಿಹಳ್ಳದ ದಂಡೆಗಳನ್ನೇ ತೆಗೆದುಕೊಳ್ಳಿ. 2019ರ ಆಗಸ್ಟ್ ಪ್ರವಾಹದಲ್ಲಿ ಈ ಎರಡು ಹಳ್ಳಗಳು ನವಲಗುಂದ ತಾಲೂಕಿನ ಹೊಲಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ಹಳ್ಳದ ಒಡಲಲ್ಲಿ ಹೂಳು, ದಂಡೆ ತುಂಬ ಜಾಲಿ ಅನ್ನೋ ದೂರು ಅದಕ್ಕಿಂತ ಹಳೆಯದು. ಇಟಾಚಿ ತಂದು ಜಾಲಿ ಕಿತ್ತರೂ ಕಿತ್ತ ಕಂಟಿ ದಂಡೆಯ ಮೇಲೇ ಉಳಿದು, ಮುಂದಿನ ನೆರೆಗೆ ತೇಲಿ ಸೇತುವೆಯ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಕುಸಿಯೋ ದಂಡೆಯ ಮೇಲೆ ಟ್ರಾಲಿ ತರೋಕೆ ಆಗದ ಇಂಥ ಕಡೆ, ಬೇಸಿಗೆಯಲ್ಲಿ, ಚೈನ್ ಚಿಪ್ಪರ್‌ಗೆ ಕೆಲಸ ಇದೆ. ಹಳ್ಳದ ಜಾಗ ಸರ್ಕಾರದ್ದು, ಅಲ್ಲಿ ಕಡಿಯೋ ಹಕ್ಕು ನಮಗಿಲ್ಲ. ದಂಡೆಗೆ ಹತ್ತಿದ ಸ್ವಂತ ಹೊಲದ ಅಂಚು ಬೇರೆ ಮಾತು. ಪಂಚಾಯಿತಿ, ನೀರಾವರಿ ಇಲಾಖೆಯವರು ಜಾಲಿ ತೆಗೆಸೋ ಟೆಂಡರ್‌ನಲ್ಲಿ ಕಂಟಿ ವಿಲೇವಾರಿಯನ್ನೂ ಸೇರಿಸಿದರೆ ಒಳ್ಳೆಯದು ಅನ್ನೋದು ನಮ್ಮ ಅಭಿಪ್ರಾಯ.

ಇನ್ನೊಂದು, ಕಲಘಟಗಿ ಮತ್ತು ಧಾರವಾಡ ಸುತ್ತಿನ ಹಳೆಯ ಆಪೂಸ್ ತೋಟಗಳು. ಗಿಡ ಒತ್ತಾಗಿ ಬೆಳೆದು ಸಾಲಿನ ನಡುವೆ ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಇರೋದಿಲ್ಲ. ಸವರೋ ಕಾಲ ಕಾಯಿ ಇಳಿಸಿದ ಮೇಲೆ, ಅಂದರೆ ಮಳೆಗಾಲದ ಹೊಸ್ತಿಲು. ಮೂರನೆಯದು ಊರೊಳಗಿನ ಹಿತ್ತಲು. ಅಣ್ಣಿಗೇರಿ, ಕುಂದಗೋಳದ ಹಳೇ ಓಣಿಗಳಲ್ಲಿ ಟ್ರ್ಯಾಕ್ಟರ್ ಒಳಗೆ ಹೋಗೋದಿಲ್ಲ. ಕಿರಿದಾಗೋ ಚೈನ್ ಇರುವ ಮಷಿನ್‌ಗಳಲ್ಲಿ ಕೆಲವು ಒಂದು ಮೀಟರ್‌ಗಿಂತ ಕಡಿಮೆ ಅಗಲದ ಗೇಟಿನಲ್ಲೂ ದಾಟುತ್ತವೆ. ಬೇವು, ಹುಣಸೆ, ನುಗ್ಗೆ ಟೊಂಗೆಗೆ ಇದು ಅನುಕೂಲ.

ಹತ್ತಿ ಕಟಿಗೆಗೆ ಇದನ್ನು ಕೇಳೋರು ಬಹಳ ಮಂದಿ. ಉತ್ತರ, ಬ್ಯಾಡ. ಗುಲಾಬಿ ಕಾಯಿಕೊರಕದ ಹುಳು ಹಳೇ ಕಾಯಿ, ಕಟಿಗೆಯಲ್ಲಿ ಉಳಿಯುವುದರಿಂದ ಹತ್ತಿ ಕಟಿಗೆ ಬೇಗ ಪುಡಿ ಮಾಡಿ ಅನ್ನೋ ಸಲಹೆ ಸರಿಯೇ. ಆದರೆ ಒಂದೊಂದು ಹಿಡಿ ಕಟಿಗೆಯನ್ನು ಕೈಯಿಂದ ಚಿಪ್ಪರ್ ಬಾಯಿಗೆ ಕೊಡುತ್ತ ಕೂತರೆ ಎಕರೆಗೆ ಎಷ್ಟು ದಿನ ಬೇಕೋ. ಅದಕ್ಕೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ನಿಂತ ಬೆಳೆ ಮೇಲೇ ಓಡಿಸೋ ಶ್ರೆಡರ್ ಇದೆ. ಮೆಕ್ಕೆಜೋಳ ದಂಟಿಗೂ ಅದೇ.

ಬಳ್ಳಾರಿ ಜಾಲಿ ಲೆಕ್ಕ ಬೇರೆ

ಬದುವಿನ ಕೆಲಸ ಅಂದರೆ ನಮ್ಮಲ್ಲಿ ಮುಖ್ಯವಾಗಿ ಬಳ್ಳಾರಿ ಜಾಲಿ. ಮುಳ್ಳು ಗಟ್ಟಿ, ಟೊಂಗೆ ಡೊಂಕು, ಒಂದಕ್ಕೊಂದು ಸಿಕ್ಕಿಕೊಂಡ ಕಂಟಿ. ಚಿಪ್ಪರ್‌ಗೆ ಕೊಡುವಾಗ ಒಂದು ಟೊಂಗೆ ಒಳಗೆ ಹೋಗುತ್ತ ಪಕ್ಕದ ಟೊಂಗೆಯನ್ನೂ, ಆ ಟೊಂಗೆಯ ಮುಳ್ಳು ನಿಮ್ಮ ತೋಳನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಜಾಲಿಯನ್ನು ಗುಡ್ಡೆ ಹಾಕೋ ಮುಂಚೆಯೇ ಎಲ್ಲಾ ಬುಡ ಒಂದೇ ಕಡೆ ಬರೋ ಹಂಗ ಒಟ್ಟಬೇಕು, ಮಷಿನ್ ಬರೋ ದಿಕ್ಕಿಗೆ ಬುಡ ಇರಬೇಕು. ಗುಡ್ಡೆಯನ್ನು ಕಾಲಿಂದ ತುಳಿದು ಒತ್ತಬಾರದು, ಬಿಡಿಸೋಕೆ ಆಗೋದಿಲ್ಲ. ಕಡಿಯೋ ಆಳುಗಳಿಗೆ ಇದೊಂದು ಮಾತು ಮೊದಲೇ ಹೇಳಿಟ್ಟರೆ ಮಷಿನ್ ಬಾಡಿಗೆಯಲ್ಲಿ ಎಷ್ಟೋ ಗಂಟೆ ಉಳಿಯುತ್ತದೆ.

ನೆಲದ ಮೇಲೆ ಒಂದು ಗೇಣು ಬಿಟ್ಟು ಕಡಿದರೆ ಜಾಲಿ ಮತ್ತೆ ನಾಲ್ಕು ಪಟ್ಟು ಚಿಗುರುತ್ತದೆ. ನೆಲದೊಳಗಿನ ಬುಡ ಸಮೇತ ತೆಗೆಸಿದರೆ ಮಾತ್ರ ಬದು ಖಾಲಿಯಾಗುತ್ತದೆ. ಆದರೆ ಆ ಬೇರುಬುಡವನ್ನು ಚಿಪ್ಪರ್‌ಗೆ ಹಾಕೋ ಹಂಗಿಲ್ಲ. ಅದಕ್ಕೆ ಅಂಟಿದ ಮಣ್ಣು, ಕಲ್ಲು ಒಂದೇ ಸಲಕ್ಕೆ ಬ್ಲೇಡ್ ಮೊಂಡ ಮಾಡುತ್ತವೆ. ಬೇರು ಒಲೆಗೆ, ಇದ್ದಿಲಿಗೆ ಹೋಗಲಿ.

ಇನ್ನೊಂದು ವಿಷಯ ಬಹಳ ಮಂದಿ ಗಮನಿಸೋದಿಲ್ಲ. ಕಾಯಿ ಹೊತ್ತ ಜಾಲಿಯನ್ನು ಚಿಪ್ಸ್ ಮಾಡಿ ಹೊಲಕ್ಕೆ ಹರಡಿದರೆ ಅದು ಬಿತ್ತನೆ ಮಾಡಿದಂಗ. ಬೀಜ ಸಣ್ಣದು, ಗಟ್ಟಿ. ಆಡಿನ ಹೊಟ್ಟೆಯೊಳಗೆ ಹೋಗಿ ಬಂದರೂ ಮೊಳೆಯುವಂಥದ್ದು ಬ್ಲೇಡಿನ ಸಂದಿಯಲ್ಲಿ ಪೂರ್ತಿ ಸಾಯುತ್ತದೆ ಅಂತ ನಂಬೋ ಹಂಗಿಲ್ಲ. ಕಾಯಿ ಕಟ್ಟೋ ಮುಂಚೆ ಕಡಿಸಿ, ಇಲ್ಲವೇ ಆ ಚಿಪ್ಸ್ ಉರುವಲಿಗೆ ಮಾತ್ರ ಕೊಡಿ. ಕಾಯಿ ಇರದಿದ್ದರೂ ಜಾಲಿ ಚಿಪ್ಸ್‌ನಲ್ಲಿ ಮುಳ್ಳಿನ ಮೊನೆ ಹಂಗೇ ಉಳಿದಿರುತ್ತದೆ. ಬರಿಗಾಲಲ್ಲಿ ಕಳೆ ತೆಗೆಯೋ ಹೆಣ್ಣುಮಕ್ಕಳು, ಎತ್ತಿನ ಗೊರಸು, ಬೈಕಿನ ಟೈರು ಯಾವುದಕ್ಕೂ ಒಳ್ಳೆಯದಲ್ಲ.

ಪರವಾನಗಿ ಬಗ್ಗೆ ಒಂದು ಸಾಲು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ಗ್ಲಿರಿಸಿಡಿಯಾ ಮುಂತಾದ ಕೆಲವು ಜಾತಿಗಳಿಗೆ ಕಡಿಯೋ ಅನುಮತಿಯಿಂದ ವಿನಾಯಿತಿ ಇದೆ. ಉಳಿದ ಗಿಡಗಳಿಗೆ, ಸ್ವಂತ ಹೊಲದ್ದೇ ಆದರೂ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಕೊಡಲಿ ಹಾಕಬೇಕು. ಕರಿಜಾಲಿ ಬೇರೆ, ಬಳ್ಳಾರಿ ಜಾಲಿ ಬೇರೆ ಅನ್ನೋದು ನೆನಪಿರಲಿ.

ಕೈ, ಟವೆಲ್, ಸೀರೆ

ರಾಶಿ ಮಷಿನ್‌ನಲ್ಲಿ ಕೈ ಕಳೆದುಕೊಂಡವರು ನಮ್ಮ ಭಾಗದ ಹಳ್ಳಿಗಳಿಗೆ ಹೊಸಬರಲ್ಲ. ಚಿಪ್ಪರ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ರಾಶಿ ಮಷಿನ್‌ಗೆ ನಾವು ತಳ್ಳಬೇಕು, ಚಿಪ್ಪರ್ ತಾನೇ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 1992ರಿಂದ 2002ರವರೆಗೆ ಚಿಪ್ಪರ್ ಕೆಲಸದಲ್ಲಿ 31 ಮಂದಿ ಸತ್ತ ದಾಖಲೆ ಇದೆ, ಅವರಲ್ಲಿ ಹೆಚ್ಚಿನವರು ಮಷಿನ್‌ಗೆ ಸಿಕ್ಕಿ ಸತ್ತವರು. ಅದು ಹೆಲ್ಮೆಟ್ಟು, ಬೂಟು, ತರಬೇತಿ ಎಲ್ಲಾ ಸಿಗೋ ದೇಶ.

ರೋಲರ್ ಎಳೆಯೋ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 30 ಮೀಟರ್ ಆಸುಪಾಸು. ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಬಾಯಿಯ ಅಂಚಿನಿಂದ ರೋಲರ್‌ವರೆಗೆ ಒಂದೂವರೆ ಮೀಟರ್ ಇದ್ದರೆ, ಟವೆಲ್ ಟೊಂಗೆಗೆ ಸಿಕ್ಕ ಮೇಲೆ ನಿಮ್ಮ ಹತ್ತಿರ ಇರೋದು ಮೂರು ಸೆಕೆಂಡು. ಮೊದಲ ಸೆಕೆಂಡು ಏನಾಯಿತು ಅಂತ ತಿಳಿಯೋಕೇ ಹೋಗುತ್ತದೆ. ಅದಕ್ಕೇ ಬಾಯಿಯ ಅಂಚಿಗೆ ಕೆಂಪು ಪಟ್ಟಿ ಕೊಟ್ಟಿರುತ್ತಾರೆ, ಮೈ ತಾಗಿದರೆ ಸಾಕು ರೋಲರ್ ನಿಲ್ಲುತ್ತದೆ. ಪದೇ ಪದೇ ನಿಲ್ಲುತ್ತದೆ ಅಂತ ಆ ಪಟ್ಟಿಯನ್ನು ತಂತಿ ಕಟ್ಟಿ ಬಂದ್ ಮಾಡಿಟ್ಟ ಮಷಿನ್ ಬಂದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಂದ ದಾರಿಯಲ್ಲೇ ವಾಪಸ್ ಕಳಿಸ್ರಿ. ಬಾಯಿ ಉದ್ದ ಇದೆ, ಜಾಗ ಸಾಲದು ಅಂತ ಕೊಯ್ದು ಗಿಡ್ಡ ಮಾಡಿದ ಮಷಿನ್‌ಗೂ ಇದೇ ಮಾತು.

ಹೆಗಲ ಮೇಲಿನ ಟವೆಲ್, ಧೋತರ, ಲುಂಗಿ, ಸೀರೆ ಸೆರಗು, ಓಢಣಿ, ಕೊರಳ ದಾರ, ಕೈಯ ಕಡಗ ಯಾವುದೂ ಬಾಯಿಯ ಹತ್ತಿರ ಬರಬಾರದು. ಟೊಂಗೆ ಹೊತ್ತು ತರೋ ಹೆಣ್ಣಾಳುಗಳು ಗುಡ್ಡೆಯವರೆಗೆ ಮಾತ್ರ ಬರಲಿ, ಮಷಿನ್‌ಗೆ ಕೊಡೋ ಕೆಲಸ ಪ್ಯಾಂಟು, ತುಂಬುತೋಳಿನ ಮೈಗಂಟಿದ ಅಂಗಿ ಹಾಕಿದ ಇಬ್ಬರಿಗೇ ಇರಲಿ. ಕೈಗವಸು ಬೇಕು, ಆದರೆ ಮಣಿಕಟ್ಟಿನ ಹತ್ತಿರ ಸಡಿಲ ಇರುವಂಥದ್ದಲ್ಲ. ಆ ಸಡಿಲ ಬಾಯಿಗೆ ಟೊಂಗೆಯ ಚಿಗುರು ಸಿಕ್ಕರೆ ಗವಸಿನ ಜೊತೆ ಕೈಯೂ ಹೋಗುತ್ತದೆ. ಕಣ್ಣಿಗೆ ಕನ್ನಡಕ ಬೇಕು, ಜಾಲಿ ಕೆಲಸಕ್ಕೆ ಮುಖಕ್ಕೆ ಜಾಲರಿ ಇದ್ದರೆ ಇನ್ನೂ ಒಳ್ಳೆಯದು. 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನವಿಡೀ ಇದ್ದರೆ ಕಿವಿ ಹಾಳಾಗುತ್ತದೆ, ಚಿಪ್ಪರ್ ಪಕ್ಕದ ಸದ್ದು ಅದನ್ನು ಸುಲಭವಾಗಿ ದಾಟುತ್ತದೆ. ಕಿವಿ ಮುಚ್ಚಿಕೊಂಡ ಮೇಲೆ ಕೂಗಿದ್ದು ಕೇಳೋದಿಲ್ಲ, ಆದ್ದರಿಂದ ನಿಲ್ಲಿಸು ಅನ್ನೋದಕ್ಕೆ ಒಂದು ಕೈಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಕೊಡೋ ರೀತಿ ಇಷ್ಟೇ: ಬುಡ ಮೊದಲು, ಪಕ್ಕದಲ್ಲಿ ನಿಂತು, ರೋಲರ್ ಹಿಡಿದ ಕೂಡಲೇ ಬಿಟ್ಟು ಹಿಂದಕ್ಕೆ ಸರಿಯೋದು. ಬಾಯಿಯ ಎದುರಿಗೆ ನಿಂತರೆ ಟೊಂಗೆಯ ಹಿಂಬದಿ ಚಾಟಿಯಂತೆ ಬೀಸಿ ಮುಖಕ್ಕೆ ಹೊಡೆಯುತ್ತದೆ. ಸಣ್ಣ ತುಂಡು, ಉಳಿದ ಎಲೆ ಒಳಗೆ ತಳ್ಳೋಕೆ ಕೈ, ಕಾಲು, ಸಲಿಕೆ ಬಳಸಬಾರದು. ಉದ್ದ ಟೊಂಗೆಯೊಂದನ್ನು ಹಿಂದೆ ಕೊಟ್ಟರೆ ಅದೇ ಅವನ್ನು ತಳ್ಳಿಕೊಂಡು ಹೋಗುತ್ತದೆ. ಕಾಲಿಂದ ಒದ್ದು ತಳ್ಳೋದು ನೋಡೋಕೆ ಸಣ್ಣ ವಿಷಯ, ಅದೇ ಅತಿ ಕೆಟ್ಟ ಚಟ.

ಗಿಡದಲ್ಲಿ ಏನಿದೆ ನೋಡಿಕೊಳ್ಳಿ. ಫ್ಲೆಕ್ಸ್ ಹೊಡೆದ ಮೊಳೆ, ಬದುವಿನ ಗಿಡದೊಳಗೆ ಸೇರಿಹೋದ ಮುಳ್ಳುತಂತಿ, ದನ ಕಟ್ಟಿದ ನೈಲಾನ್ ಹಗ್ಗ. ಹಂದಿಗೆ ಹೆದರಿ ಹೊಲದ ಸುತ್ತ ಕಟ್ಟಿದ ಹಳೇ ಸೀರೆ ಕಂಟಿಯೊಳಗೆ ಸಿಕ್ಕಿಕೊಂಡಿರುತ್ತದೆ, ಅದು ರೋಲರ್‌ಗೆ ಸುತ್ತಿದರೆ ಬಿಡಿಸೋಕೆ ಕೈ ಹಾಕಬೇಕಾಗುತ್ತದೆ. ಕೈ ಹಾಕೋ ಮುಂಚೆ ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಗಾಲಿ ಪೂರ್ತಿ ನಿಂತದ್ದನ್ನು ಕಾಯಬೇಕು. ಎಂಜಿನ್ ಬಂದ್ ಆದ ಮೇಲೂ ಭಾರದ ಗಾಲಿ ಒಂದು ನಿಮಿಷಕ್ಕೂ ಹೆಚ್ಚು ತಿರುಗುತ್ತಿರಬಹುದು. ರೋಲರ್ ನಿಂತದ್ದು ಕಣ್ಣಿಗೆ ಕಾಣುತ್ತದೆ, ಗಾಲಿ ತಿರುಗೋದು ಕಾಣೋದಿಲ್ಲ.

ಕರೆಂಟ್ ತಂತಿಯ ಹತ್ತಿರದ ಟೊಂಗೆಯಾದರೆ ಹೆಸ್ಕಾಂನವರಿಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಕಡಿಸಬೇಕು, ಸಹಾಯವಾಣಿ 1912. ಅವಘಡವಾದರೆ 108. ನವಲಗುಂದದಿಂದಾಗಲೀ ಅಣ್ಣಿಗೇರಿಯಿಂದಾಗಲೀ ಹುಬ್ಬಳ್ಳಿ ಕಿಮ್ಸ್ ಹತ್ತಿರವಲ್ಲ, ಅಲ್ಲಿಗೆ ಮುಟ್ಟೋವರೆಗೆ ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದೇ ಇರಬೇಕು. ಜಾಲಿ ಮುಳ್ಳು ಆಳವಾಗಿ ಚುಚ್ಚಿದರೂ ಟಿಟಿ ಇಂಜೆಕ್ಷನ್ ಬಗ್ಗೆ ಡಾಕ್ಟರ್‌ಗೆ ಕೇಳೋದು ಮರೀಬಾರದು.

ಬಾಡಿಗೆಗೆ ಕರೆಯೋ ಮುಂಚೆ

ಸಣ್ಣ ಚಿಪ್ಪರ್ ಕೆಲಸದ ಹೊರೆಗೆ ತಕ್ಕಂತೆ ಗಂಟೆಗೆ ಸುಮಾರು 3ರಿಂದ 5 ಲೀಟರ್ ಡೀಸೆಲ್ ಕುಡಿಯುತ್ತದೆ. ಬಾಡಿಗೆ ಗಂಟೆ ಲೆಕ್ಕವೋ ದಿನದ ಲೆಕ್ಕವೋ, ಡೀಸೆಲ್ ಯಾರದು, ಸಾಗಣೆ ಖರ್ಚು ಯಾರದು, ನಡೆಸುವವರು ಮಷಿನ್ ಜೊತೆ ಬರುತ್ತಾರೋ ಇಲ್ಲವೋ ಇವನ್ನು ಫೋನಿನಲ್ಲೇ ಬಗೆಹರಿಸಿಕೊಳ್ಳಿ. ಗಂಟೆ ಲೆಕ್ಕವಾದರೆ ಮಷಿನ್ ನಿಂತ ಹೊತ್ತಿಗೂ ಬಾಡಿಗೆಯಾ ಅಂತ ಕೇಳಿ. ಬ್ಲೇಡ್ ಧಾರೆ ಹಿಡಿಸಿ ಎಷ್ಟು ಗಂಟೆಯಾಯಿತು ಅನ್ನೋ ಪ್ರಶ್ನೆಗೆ ತಕ್ಷಣ ಉತ್ತರ ಬಂದರೆ ಮಾಲೀಕ ಮಷಿನ್ ನೋಡಿಕೊಳ್ಳುತ್ತಾನೆ ಅಂತ ಅರ್ಥ. 20-25 ಗಂಟೆಗೊಮ್ಮೆಯಾದರೂ ಧಾರೆ ನೋಡಬೇಕು, ಒಣ ಜಾಲಿಯಾದರೆ ಇನ್ನೂ ಬೇಗ. ಚಿಪ್ಸ್ ಸಮವಾಗಿ ಬರದೆ ನಾರುನಾರಾಗಿ ಬರುತ್ತಿದ್ದರೆ, ಟೊಂಗೆ ಒಳಗೆ ಹೋಗದೆ ಗುದ್ದಾಡುತ್ತಿದ್ದರೆ ಬ್ಲೇಡ್ ಮೊಂಡಾಗಿದೆ. ಮೊಂಡ ಬ್ಲೇಡಿನ ಮಷಿನ್‌ಗೆ ಗಂಟೆ ಲೆಕ್ಕದ ಬಾಡಿಗೆ ಕೊಡೋದು ಅಂದರೆ ಮಾಲೀಕನ ಧಾರೆ ಖರ್ಚು ನಾವೇ ಕೊಟ್ಟಂಗ. ಆಳಿಗೆ ಪೆಟ್ಟಾದರೆ ಹೊಣೆ ಯಾರದು, ವಿಮೆ ಇದೆಯಾ ಅನ್ನೋದನ್ನೂ ಮೊದಲೇ ಕೇಳಿ. ಕೇಳೋಕೆ ಮುಜುಗರ ಅನಿಸಿದರೂ ಕೇಳಿ.

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಾವ ಶ್ರೆಡರ್, ಚಿಪ್ಪರ್ ಇದೆ ಅಂತ ವಿಚಾರಿಸಿ, ಒಂದು ಕೇಂದ್ರದಲ್ಲಿರೋದು ಇನ್ನೊಂದರಲ್ಲಿ ಇರೋದಿಲ್ಲ. ಕೊಳ್ಳೋ ಆಲೋಚನೆ ಇದ್ದವರು ಸಹಾಯಧನದ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಯೇ ಮುಂದುವರಿಯಲಿ. ಒಬ್ಬ ರೈತ ಸ್ವಂತಕ್ಕೆ ಚೈನ್ ಚಿಪ್ಪರ್ ಕೊಳ್ಳೋದರಲ್ಲಿ ಅರ್ಥವಿಲ್ಲ, ವರ್ಷಕ್ಕೆ ಹತ್ತು ದಿನದ ಕೆಲಸಕ್ಕೆ ಅದು ದುಬಾರಿ. ನಾಲ್ಕು ಊರಿನ ರೈತ ಉತ್ಪಾದಕರ ಸಂಘ, ಇಲ್ಲವೇ ಗಿಡ ಕಡಿಯೋದನ್ನೇ ಕಸುಬು ಮಾಡಿಕೊಂಡವರು ಕೊಂಡರೆ ಬೇರೆ ಮಾತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಯಂತ್ರಗಳ ಮಳಿಗೆಗಳು ಇರುತ್ತವೆ. ಚಿಪ್ಪರ್ ಕಂಡರೆ ನೀಲಗಿರಿಯ ನೇರ ಟೊಂಗೆ ಹಾಕಿ ತೋರಿಸಿದ್ದಕ್ಕೆ ಸಮಾಧಾನಪಡದೆ, ಜಾಲಿ ಹಾಕಿ ತೋರಿಸ್ರಿ ಅಂತ ಕೇಳಬೇಕು.

ಚಿಪ್ಸ್ ಏನು ಮಾಡೋದು

ಎಂಟು-ಹತ್ತು ಟ್ರಾಲಿ ಸಡಿಲ ಕಂಟಿ ಹೆಚ್ಚುಕಡಿಮೆ ಒಂದು ಟ್ರಾಲಿ ಚಿಪ್ಸ್ ಆಗುತ್ತದೆ. ಆದರೆ ಎಲ್ಲವನ್ನೂ ಪುಡಿ ಮಾಡೋ ಅವಸರ ಬೇಡ. ಚಿಪ್ಸ್ ಮನೆ ಒಲೆಗೆ ಉರಿಯೋದಿಲ್ಲ. ಊರಲ್ಲಿ ಕಟಿಗೆ ಒಲೆ ಇನ್ನೂ ಇರುವ ಮನೆಗಳಿವೆ, ಕಡಿದ ಬದುವಿಗೆ ಬಂದು ಉರುವಲು ಆರಿಸಿಕೊಳ್ಳೋ ಹೆಣ್ಣುಮಕ್ಕಳಿದ್ದಾರೆ. ಮಣಿಕಟ್ಟಿಗಿಂತ ದಪ್ಪದ್ದನ್ನು ಮೊದಲು ಬೇರೆ ಇಟ್ಟು, ಉಳಿದದ್ದನ್ನು ಮಷಿನ್‌ಗೆ ಕೊಟ್ಟರೆ ಡೀಸೆಲ್ಲೂ ಉಳಿಯುತ್ತದೆ, ಊರಿನವರ ಮಾತೂ ತಪ್ಪುತ್ತದೆ.

ಮಾವು, ಬೇವು, ಗ್ಲಿರಿಸಿಡಿಯಾ ಚಿಪ್ಸ್ ತೋಟದಲ್ಲೇ ಹೊದಿಕೆಯಾಗಲಿ. ಎರಡರಿಂದ ಮೂರು ಇಂಚು ದಪ್ಪ ಹರಡಿ, ಗಿಡದ ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ತೇವ ನಿಂತು ಗೆದ್ದಲು ಬುಡಕ್ಕೇ ಬರುತ್ತದೆ. ಕಾಂಡಕೊರಕ ಇರುವ, ತುದಿಯಿಂದ ಒಣಗುತ್ತ ಬಂದ ರೋಗದ ಟೊಂಗೆಯ ಚಿಪ್ಸ್ ಅದೇ ತೋಟಕ್ಕೆ ಹಾಕಬಾರದು. ಹಸಿ ಚಿಪ್ಸ್ ಅನ್ನು ಹೊಲದ ಮಣ್ಣಿನೊಳಗೆ ರೂಟರ್ ಹೊಡೆಸಿ ಸೇರಿಸೋದು ಇನ್ನೊಂದು ತಪ್ಪು. ಕಟಿಗೆಯಲ್ಲಿ ಸಾರಜನಕ ಬಹಳ ಕಡಿಮೆ. ಅದನ್ನು ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎತ್ತಿಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ಆಮೇಲೆ ಯೂರಿಯಾ ಅಂಗಡಿಗೆ ಓಡಬೇಕು. ಮೇಲೆ ಹರಡಿದರೆ ಈ ತೊಂದರೆ ಇಲ್ಲ. ಮಣ್ಣಿಗೇ ಸೇರಿಸಬೇಕಂದರೆ ತಿಪ್ಪೆಯಲ್ಲಿ ಸಗಣಿ, ಹಸಿ ಸೊಪ್ಪಿನ ಜೊತೆ ಪದರ ಪದರ ಹಾಕಿ, ನೀರು ಚಿಮುಕಿಸಿ, ತಿರುವಿ ಹಾಕುತ್ತ ಆರು ತಿಂಗಳಿಗೂ ಹೆಚ್ಚು ಕೊಳೆಸಬೇಕು.

ಜಾಲಿ ಚಿಪ್ಸ್‌ಗೆ ಜಾಗ ಬಾಯ್ಲರ್, ಇಟ್ಟಿಗೆ ಭಟ್ಟಿ, ಬ್ರಿಕೆಟ್ ಘಟಕ. ಕೊಳ್ಳೋರನ್ನು ಮಷಿನ್ ಬರೋ ಮುಂಚೆಯೇ ಹುಡುಕಿ, ತೇವಕ್ಕೆ ದರ ಎಷ್ಟು ಇಳಿಸುತ್ತಾರೆ ಅಂತ ಕೇಳಿಕೊಳ್ಳಿ. ಸಾಗಣೆ ತಡವಾದರೆ ಗುಡ್ಡೆಯನ್ನು ಆಳೆತ್ತರಕ್ಕಿಂತ ಕಡಿಮೆ ಇಡಬೇಕು. ಹಸಿ ಚಿಪ್ಸ್‌ನ ದೊಡ್ಡ ಗುಡ್ಡೆ ಒಳಗೊಳಗೇ ಬಿಸಿಯಾಗುತ್ತದೆ, ಬೆಳಗಿನ ಹೊತ್ತು ಹಬೆ ಏಳೋದು ಕಾಣುತ್ತದೆ. ಬಣವಿಯಿಂದ, ದನದ ಕೊಟ್ಟಿಗೆಯಿಂದ ದೂರ, ಮೇಲೆ ಕರೆಂಟ್ ತಂತಿ ಇಲ್ಲದ ಜಾಗದಲ್ಲಿ ಹಾಕ್ರಿ.